ಅಂಗೈ ಅಳತೆಯ ಊಟ

ಗಡಿಯಾರದಣ್ಣನ ಆ ದಿನದ ಸಂಕಟಕ್ಕೆಲ್ಲ ಮೂಲ ಅವನ ಅಂಗೈ. ಆಳು ನೋಡಿದರೆ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಉದ್ದ. ಆದರೆ ಅವನನ್ನು ಮಾಡುವಾಗ ಕೈಗಳ ಹೊತ್ತಿಗೆ ದೇವರ ಹತ್ತಿರ ಸಾಮಾನು ಮುಗಿದಿತ್ತೋ ಏನೋ, ಆ ಉದ್ದನೆಯ ತೋಳುಗಳ ತುದಿಗೆ ಮಕ್ಕಳದೆನ್ನಬಹುದಾದ ಎರಡು ಪುಟ್ಟ ಕೈ ಸಿಕ್ಕಿಸಿ ಕಳಿಸಿಬಿಟ್ಟಿದ್ದ. ಇಷ್ಟು ವರ್ಷ ಅದರಿಂದ ತೊಂದರೆಯೇನೂ ಆಗಿರಲಿಲ್ಲ, ಲಾಭವೇ ಆಗಿತ್ತು. ಹೆಂಗಸರ ಕೈಗಡಿಯಾರದೊಳಗೆ ಕಣ್ಣಿಗೂ ಕಾಣದ ತಿರುಪು ಕೂರಿಸುವುದಕ್ಕೆ ಆ ಬೀದಿಯಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಜನ ಅವನ ಹೆಸರು ಮರೆತು ಗಡಿಯಾರದಣ್ಣ ಅಂತಲೇ ಕರೆಯುತ್ತಿದ್ದರು.

ಅವನ ಹೆಂಡತಿ ಇದಕ್ಕೆ ತದ್ವಿರುದ್ಧ. ಗಂಡನ ಭುಜಕ್ಕೂ ಬಾರದ ಗಿಡ್ಡ ಹೆಂಗಸು, ಆದರೆ ಅಂಗೈ ಮೊರದಗಲ. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಬೇಕರಿಯಲ್ಲಿ ನಿಂತು ಹಿಟ್ಟು ನಾದುವುದು, ಉಂಡೆ ಕತ್ತರಿಸಿ ತಕ್ಕಡಿಗೆ ಹಾಕುವುದು ಅವಳ ಕೆಲಸ. ಒಂದು ಉಂಡೆ ಇನ್ನೊಂದಕ್ಕಿಂತ ಚಿಟಿಕೆ ಹೆಚ್ಚಾದರೂ ಕಿತ್ತು ತೆಗೆಯುವ ಅಭ್ಯಾಸ ಕೈಗೆ ಹತ್ತಿಬಿಟ್ಟಿತ್ತು. ಅಳತೆ ಅಂದಮೇಲೆ ಅಳತೆ, ಅದರಲ್ಲಿ ದಾಕ್ಷಿಣ್ಯದ ಮಾತಿಲ್ಲ.

ಗಂಡ ಬದುಕಿದ್ದು ಮೂರೇ ಪದಾರ್ಥದ ಮೇಲೆ: ಬ್ರೆಡ್ಡು, ಆಲೂಗಡ್ಡೆ, ಟೀ. ಕಾಳು ಕಂಡರೆ ಮುಖ ತಿರುಗಿಸುತ್ತಿದ್ದ, ಸೊಪ್ಪು ಕಂಡರೆ ಕುರ್ಚಿಯನ್ನೇ ತಿರುಗಿಸುತ್ತಿದ್ದ. ಹೋದ ವಾರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಅಂಗಡಿಯಲ್ಲಿ ತೂಕಡಿಸಿ, ಬಿಚ್ಚಿಟ್ಟ ಗಡಿಯಾರದ ಮೇಲೆ ಹಣೆ ಇಟ್ಟು ಮಲಗಿದ್ದ. ಹಣೆಯ ಮೇಲೆ ಚಕ್ರದ ಹಲ್ಲು ಮೂಡಿದ್ದನ್ನು ನೋಡಿದ ಹೆಂಡತಿ ಇನ್ನು ಹೀಗೇ ಬಿಟ್ಟರಾಗದು ಅಂದುಕೊಂಡಳು. ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಊಟದ ಬಗ್ಗೆ ಮಾತಾಡುತ್ತಾರೆಂದು ತಿಳಿದದ್ದೇ, ಹಿಂದಿನ ದಿನ ಸಂಜೆ ಹೋಗಿ ಮುಂದಿನ ಸಾಲಿನಲ್ಲೇ ಕೂತು ಕೇಳಿಸಿಕೊಂಡು ಬಂದಳು.

ಬೆಳಿಗ್ಗೆ ಬೇಕರಿಯವರನ್ನು ಕೇಳಿ ಒಂದು ಗಳಿಗೆ ಮನೆಗೆ ಓಡಿಬಂದು, ಗಂಡನನ್ನು ತಿಂಡಿಗೆ ಕೂರಿಸಿ, "ಕೈ ಚಾಚಿ" ಅಂದಳು.

"ಯಾಕೆ?"

"ಪ್ರೋಟೀನು ಅಳೀಬೇಕು. ಹೊತ್ತು ಹೊತ್ತಿಗೆ ಒಂದು ಅಂಗೈ ಪ್ರೋಟೀನು ಹೊಟ್ಟೆಗೆ ಬೀಳಬೇಕಂತೆ. ಮೊಟ್ಟೆನೋ, ಕಾಳೋ, ಮೀನೋ, ಮೊಸರೋ, ಯಾವುದಾದರೂ ಸರಿ. ಬೆರಳು ಲೆಕ್ಕಕ್ಕಿಲ್ಲ, ಬರೀ ಅಂಗೈ. ಬ್ರೆಡ್ಡು ಒಂದು ಮುಷ್ಟಿ. ತರಕಾರಿ ಒಂದು ಬೊಗಸೆ. ಎಣ್ಣೆ, ಬೆಣ್ಣೆ ಹೆಬ್ಬೆರಳಿನಷ್ಟು. ಅವರವರ ಊಟಕ್ಕೆ ಅವರವರ ಕೈಯೇ ಅಳತೆ ಅಂದರು ನರ್ಸಮ್ಮ."

ಗಡಿಯಾರದಣ್ಣ ಕೈ ಚಾಚಿದ. ಹೆಂಡತಿ ಬೇಯಿಸಿದ ಮೊಟ್ಟೆಯನ್ನು ಅವನ ಅಂಗೈ ಮೇಲೆ ಇಟ್ಟಳು. ಮೊಟ್ಟೆಯ ಒಂದು ತುದಿ ಅಂಗೈ ದಾಟಿ ಮಣಿಕಟ್ಟಿನ ಮೇಲೆ ಇಣುಕುತ್ತಿತ್ತು. ಅವಳು ಅದನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಚಾಕು ತಂದು ಇಣುಕುತ್ತಿದ್ದಷ್ಟನ್ನೂ ಕತ್ತರಿಸಿ ತನ್ನ ತಟ್ಟೆಗೆ ಹಾಕಿಕೊಂಡಳು. ಮುಷ್ಟಿ ಹಿಡಿಸಿ ಬ್ರೆಡ್ಡು ಅಳೆದಳು, ಬೊಗಸೆ ಮಾಡಿಸಿ ಸೊಪ್ಪು ಅಳೆದಳು. ಗಂಡನ ತಟ್ಟೆಯಲ್ಲಿ ಬಿದ್ದದ್ದು ಗುಬ್ಬಿಗೆ ಇಟ್ಟಷ್ಟು. ಅವಳ ತಟ್ಟೆ ಮಾತ್ರ ಅವಳ ಕೈಯಳತೆಯಲ್ಲೇ ತುಂಬಿ ಗೋಪುರವಾಯಿತು.

"ಇದು ಅನ್ಯಾಯ ಕಣೇ. ನಾನು ನಿನಗಿಂತ ಒಂದೂವರೆ ಪಾಲು ಉದ್ದ ಇದೀನಿ."

"ಉದ್ದದ ಮಾತು ನರ್ಸಮ್ಮ ಎತ್ತಲೇ ಇಲ್ಲ. ಕೈ ಅಂದರು, ಕೈ ಅಳೆದೆ. ಪ್ರೋಟೀನು ಮೈಗೆ ಹತ್ತಿದರೆ ತೂಕಡಿಕೆ ಬರಲ್ಲ, ಸುಸ್ತಾಗಲ್ಲ. ತಿಂದು ಹೋಗಿ."

ತಿಂದು ಹೋಗುವುದಕ್ಕೆ ಅವನಿಗೆ ಎರಡೇ ತುತ್ತು ಸಾಕಾಯಿತು. ಅಂಗಡಿ ಬಾಗಿಲು ತೆಗೆದು ಕೂತ ಸ್ವಲ್ಪ ಹೊತ್ತಿಗೇ ಹೊಟ್ಟೆ ತಾಳ ಹಾಕತೊಡಗಿತು. ಪಕ್ಕದ ಚಪ್ಪಲಿ ಅಂಗಡಿಯವನು ಆ ಸದ್ದಿಗೇ ಎದ್ದು ಬಂದಂತೆ ಬಂದ. ಬೇರೆಯವರ ಕಷ್ಟದ ವಾಸನೆ ಹಿಡಿಯುವುದರಲ್ಲಿ ಅವನದು ಎತ್ತಿದ ಕೈ, ಪರಿಹಾರ ಹೇಳುವುದರಲ್ಲಂತೂ ಕೇಳುವುದೇ ಬೇಡ. ಕತೆಯೆಲ್ಲ ಕೇಳಿ, ಜೇಬಿನಿಂದ ಹುರಿದ ಕಡಲೆಬೀಜದ ಪೊಟ್ಟಣ ತೆಗೆದು ಮೇಜಿನ ಮೇಲೆ ಸುರಿದ.

"ಮೊದಲು ಇದನ್ನ ಬಾಯಿಗೆ ಹಾಕ್ಕೊಳ್ಳಿ. ಇದೂ ಪ್ರೋಟೀನೇ. ಅಳತೆ ಗಿಳತೆ ಇಲ್ಲಿ ಯಾರೂ ಕೇಳಲ್ಲ."

ಮೇಜಿನ ಮೇಲೆ ಅಷ್ಟು ಹೊತ್ತಿಗೆ ಶಾಲೆಯ ಟೀಚರೊಬ್ಬರ ಕೈಗಡಿಯಾರ ಬಿಚ್ಚಿ ಹರಡಿತ್ತು. ಹಸಿದವನಿಗೆ ಯಾವುದು ಬೀಜ, ಯಾವುದು ಗಡಿಯಾರದ ಭಾಗ ಎಂದು ನೋಡುವ ವ್ಯವಧಾನ ಎಲ್ಲಿಂದ ಬರಬೇಕು? ಗಬಗಬನೆ ಬಾಯಿಗೆ ಹಾಕಿಕೊಂಡು ಅಗಿದ. ಕಟಕ್ ಎಂದಿತು. ಕೆನ್ನೆ ಹಿಡಿದುಕೊಂಡು ಉಗಿದರೆ, ಬೀಜದ ಚೂರುಗಳ ನಡುವೆ ಟೀಚರ ಗಡಿಯಾರಕ್ಕೆ ಕೀಲಿ ಕೊಡುವ ಪುಟ್ಟ ಗುಂಡಿ ಹೊರಬಂತು.

"ಕಬ್ಬಿಣದ ಅಂಶವೂ ಸೇರ್ತಿತ್ತು ಬಿಡಿ" ಎಂದ ಚಪ್ಪಲಿ ಅಂಗಡಿಯವನು. "ನೋಡಿ, ಹೀಗೆಲ್ಲ ಕದ್ದು ತಿಂದು ಆಗೋದಲ್ಲ. ಮನೆಯಲ್ಲೇ ಪಾಲು ಸರಿಯಾಗಬೇಕು. ನಿಮ್ಮ ಕೈ ಚಿಕ್ಕದು, ಒಪ್ಪಿದೆ. ಬದಲಿಗೆ ಇನ್ನೊಂದು ಕೈ ಕಳಿಸಿ. ನೀವು ಊರಿಗೆ ಹೋದಾಗ ಅಂಗಡಿ ನಾನು ನೋಡ್ಕೊಳ್ಳಲ್ವಾ? ಹಾಗೇ ಇದೂ."

ಬದಲಿ ಕೈ ಯಾರದು ಎಂಬುದಕ್ಕೆ ಇಬ್ಬರಿಗೂ ಒಂದೇ ಹೆಸರು ಹೊಳೆಯಿತು. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಸಲಿಕೆ. ಅವನ ಒಂದು ಅಂಗೈ ಮೇಲೆ ಕಲ್ಲಂಗಡಿ ಹಣ್ಣು ಅಲುಗಾಡದೆ ಕೂರುತ್ತಿತ್ತು, ಆ ಹೆಸರು ಬಂದದ್ದೂ ಅದರಿಂದಲೇ. ಮಾತು ಕಡಿಮೆ, ಕರೆದರೆ ಯಾಕೆ ಅಂತ ಕೇಳದೆ ಬರುವ ಮನುಷ್ಯ.

ಮಧ್ಯಾಹ್ನ ಗಡಿಯಾರದಣ್ಣ ಅವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಹೆಂಡತಿಗೆ ಹೇಳಿದ: "ನೋಡೇ, ನನ್ನ ಕೈ ಇವತ್ತು ಗಡಿಯಾರ ಮುಟ್ಟಿ ಮುಟ್ಟಿ ಎಣ್ಣೆ ಜಿಡ್ಡಾಗಿದೆ. ಅಳತೆಗೆ ಇವನ ಕೈ ತಂದಿದೀನಿ. ಇವನ ಅಂಗೈ ಅಂದರೆ ನನ್ನ ಅಂಗೈ ಅಂದ್ಕೋ."

ಹೆಂಡತಿ ಸಲಿಕೆಯ ಕೈಯನ್ನು ಮೇಲೆ ಕೆಳಗೆ ನೋಡಿದಳು. ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಬೇಯಿಸಿದ ಕಾಳನ್ನು ಆ ಅಂಗೈ ಅಗಲಕ್ಕೂ ದಪ್ಪಕ್ಕೂ ಅಳೆದಳು, ಪಾತ್ರೆಯ ತಳ ಕಾಣಿಸಿತು. ಆ ಮುಷ್ಟಿಗೆ ಇಡೀ ಬ್ರೆಡ್ಡೇ ಹೋಯಿತು, ಆ ಬೊಗಸೆಗೆ ಬುಟ್ಟಿಯ ಟೊಮೆಟೊ, ಸೌತೆಕಾಯಿ, ಸೊಪ್ಪು ಎಲ್ಲ ಹೋಯಿತು. ಮೇಲೆ ಒಂದು ಬಟ್ಟಲು ಗಟ್ಟಿ ಮೊಸರು ಬೇರೆ. ಗಡಿಯಾರದಣ್ಣನ ಬಾಯಲ್ಲಿ ನೀರೂರಿತು. ಅವಳು ತುಂಬಿದ ತಟ್ಟೆ ಎತ್ತಿಕೊಂಡು ಬಂದು, ಸಲಿಕೆಯ ಮುಂದೆ ಇಟ್ಟಳು.

"ಕೂತ್ಕೊಳ್ಳಪ್ಪ, ಊಟ ಮಾಡು."

"ಏ, ಅದು ನಂದು" ಎಂದ ಗಂಡ.

"ನಿಮ್ಮದು ಹೆಂಗಾಗುತ್ತೆ? ಅವರವರ ಕೈ, ಅವರವರ ಊಟ. ಕೈ ಅವನದು, ಊಟವೂ ಅವನದು."

ಸಲಿಕೆ ಗಡಿಯಾರದಣ್ಣನ ಮುಖ ನೋಡಿದ, ತಟ್ಟೆಯ ಮುಖ ನೋಡಿದ. ತಟ್ಟೆಯ ಮುಖವೇ ಹೆಚ್ಚು ನಗುನಗುತ್ತಿತ್ತು. ತಲೆ ಬಗ್ಗಿಸಿ ಒಂದಗುಳೂ ಬಿಡದೆ ಮುಗಿಸಿ, "ಅಕ್ಕ, ಕಾಳು ಚೆನ್ನಾಗಿತ್ತು. ಸಂಜೆಗೂ ಕೈ ಬೇಕಾದ್ರೆ ಹೇಳಿ, ಬರ್ತೀನಿ" ಎಂದು ತೇಗುತ್ತ ಹೊರಟ. ಗಡಿಯಾರದಣ್ಣ ತನ್ನ ಪಾಲಿನ ಪುಟ್ಟ ಅಂಗೈಯಷ್ಟು ಕಾಳನ್ನು ಒಂದೊಂದಾಗಿ ತಿಂದ. ಜೀವಮಾನದಲ್ಲಿ ಕಾಳು ಅವನಿಗೆ ಇಷ್ಟು ರುಚಿಯಾಗಿದ್ದೂ ಅವತ್ತೇ, ಇಷ್ಟು ಕಡಿಮೆಯಾಗಿದ್ದೂ ಅವತ್ತೇ. ಹೆಂಡತಿ ಅವನನ್ನೇ ನೋಡುತ್ತ ನಿಂತಿದ್ದು ಅವನ ಗಮನಕ್ಕೆ ಬರಲಿಲ್ಲ.

ಎದುರುಮನೆಯ ಅತ್ತೆಯ ಗಮನಕ್ಕೆ ಮಾತ್ರ ಎಲ್ಲವೂ ಬಂದಿತ್ತು. ಯಾರಿಗೂ ಅತ್ತೆಯಲ್ಲದಿದ್ದರೂ ಇಡೀ ಬೀದಿಗೇ ಅತ್ತೆಯಾಗಿದ್ದ ಆಕೆ ಕಿಟಕಿಯಲ್ಲಿ ಕೂತರೆ ಆ ಬೀದಿಯಲ್ಲಿ ಇರುವೆ ಕೂಡ ಕಾಣದಂತೆ ಹಾದುಹೋಗುವಂತಿರಲಿಲ್ಲ. ಮೂಟೆ ಹೊರುವವನು ತೇಗುತ್ತ ಹೊರಬಂದ, ಮನೆಯ ಯಜಮಾನ ಒಣಗಿದ ಮುಖ ಹೊತ್ತು ಹೊರಬಂದ. ಇದೇನೋ ಸರಿಯಿಲ್ಲ ಎಂದು ಆಕೆ ಸೆರಗು ಹೊದ್ದು ನೇರ ಆರೋಗ್ಯ ಕೇಂದ್ರಕ್ಕೆ ಹೊರಟಳು.

ಇತ್ತ ಚಪ್ಪಲಿ ಅಂಗಡಿಯವನು ಸೋಲೊಪ್ಪುವವನಲ್ಲ. "ಬೇರೆಯವರ ಕೈ ನಂಬಿದ್ದೇ ತಪ್ಪು. ನಿಮ್ಮ ಕೈಯನ್ನೇ ದೊಡ್ಡದು ಮಾಡೋಣ" ಎಂದು ಒಳಗಿನಿಂದ ಒಂದು ಜೊತೆ ಚರ್ಮದ ಕೈಗವಸು ತಂದ. ಯಾರ ಕೈಗೂ ಆಗದೆ, ಹೋದ ಚಳಿಗಾಲದಿಂದ ಮೂಲೆಯಲ್ಲಿ ಬಿದ್ದಿದ್ದವು ಅವು. "ಚಳಿ ಆಗ್ತಿದೆ ಅಂತ ಹೇಳಿ ಹಾಕ್ಕೊಂಡೇ ಊಟಕ್ಕೆ ಕೂತ್ಕೊಳ್ಳಿ. ಒಳಗೆ ಹತ್ತಿ ತುಂಬಿದರೆ ಗೊತ್ತೇ ಆಗಲ್ಲ."

ಹತ್ತಿ ತುಂಬಿದರು. ಗಡಿಯಾರದಣ್ಣ ಕೈ ಕೆಳಗೆ ಬಿಟ್ಟರೆ ಗವಸು ಕಳಚಿ ನೆಲಕ್ಕೆ ಬೀಳುತ್ತಿತ್ತು. ಚಪ್ಪಲಿ ಅಂಗಡಿಯವನು ಯೋಚಿಸಿ, ಅಟ್ಟೆ ಅಂಟಿಸುವ ಗೋಂದು ತಂದು ಹತ್ತಿಗೆ ಸವರಿದ. "ಹತ್ತಿ ಗವಸಿಗೆ ಹಿಡ್ಕೊಳ್ಳಲಿ ಅಂತ ಅಷ್ಟೇ. ಒಂದು ಸಲ ಕೈ ಹಾಕಿ ಆಕಾರ ನೋಡಿ, ತಕ್ಷಣ ತೆಗೆದುಬಿಡಿ."

ಕೈ ಹಾಕಿದ್ದೂ ಆಯಿತು, ಅದೇ ಗಳಿಗೆಗೆ ಟೀಚರು ತಮ್ಮ ಗಡಿಯಾರ ಕೇಳಿಕೊಂಡು ಬಂದು ನಿಂತದ್ದೂ ಆಯಿತು. ಗಡಿಯಾರದಣ್ಣ ಗಾಬರಿಯಿಂದ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ. ಕೀಲಿಯ ಗುಂಡಿಯೊಂದು ಕೂರಿಸುವುದು ಬಾಕಿ ಇದೆ ಎಂದ. ಕೂರಿಸಿ, ಕಾಯ್ತೀನಿ ಎಂದರು ಟೀಚರು. ನಾಳೆ ಎಂದ. ಇವತ್ತೇ ಬೇಕು ಎಂದರು. ಈ ಮಾತುಕತೆ ಮುಗಿಯುವಷ್ಟರಲ್ಲಿ ಗೋಂದು ತನ್ನ ಕೆಲಸ ಮುಗಿಸಿತ್ತು. ವಿಧಿಯಿಲ್ಲದೆ ಅವನು ಕೈ ಮುಂದೆ ತಂದಾಗ ಟೀಚರು ಎರಡು ಹೆಜ್ಜೆ ಹಿಂದೆ ಸರಿದರು.

"ಏನ್ರೀ ಅದು? ಅಂಟುರೋಗನಾ?"

"ಅಂಟು ಮಾತ್ರ ಮೇಡಂ, ರೋಗ ಅಲ್ಲ" ಎಂದ ಚಪ್ಪಲಿ ಅಂಗಡಿಯವನು.

ಟೀಚರು ಬಿಚ್ಚಿದ ಗಡಿಯಾರವನ್ನು ಹಾಗೇ ಕರವಸ್ತ್ರದಲ್ಲಿ ಕಟ್ಟಿಕೊಂಡು, ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಹೇಳಿ ಹೋದರು. ಗಡಿಯಾರದಣ್ಣನಿಗೆ ಅಳುವೇ ಬಂತು. ಹೊಟ್ಟೆಗೂ ಇಲ್ಲ, ಕೆಲಸಕ್ಕೂ ಕೈ ಇಲ್ಲ. ಅಂಗಡಿ ಬಾಗಿಲಿಗೆ ಬೀಗ ಹಾಕುವುದಕ್ಕೂ ಆಗದೆ ಚಪ್ಪಲಿ ಅಂಗಡಿಯವನಿಂದಲೇ ಹಾಕಿಸಿ, ಎರಡು ಮೂಟೆ ಹೊತ್ತವನಂತೆ ಕೈ ಜೋಲಾಡಿಸುತ್ತ ಮನೆ ಸೇರಿದ. ಏನಾದರಾಗಲಿ, ರಾತ್ರಿಯ ಊಟವೊಂದು ಹೊಟ್ಟೆ ತುಂಬ ಸಿಕ್ಕರೆ ಸಾಕು ಎಂಬುದೊಂದೇ ಅವನ ಆಸೆ.

ಮನೆಯಲ್ಲಿ ಸಭೆಯೇ ಸೇರಿತ್ತು. ನರ್ಸಮ್ಮ ಕುರ್ಚಿಯಲ್ಲಿ, ಪಕ್ಕದಲ್ಲಿ ಎದುರುಮನೆಯ ಅತ್ತೆ, ಬಾಗಿಲ ಬಳಿ ತಾನಾಗಿಯೇ ಬಂದ ಸಲಿಕೆ. ಒಳಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಕಾಳು ಕುದಿಯುವ ವಾಸನೆ ಮೂಗಿಗೆ ಹೊಡೆಯಿತು.

"ಬಾಪ್ಪ" ಎಂದಳು ಅತ್ತೆ. "ನಿನ್ನ ಮನೆ ಪಾಲು ಸರಿಯಿಲ್ಲ ಅಂತ ನಾನೇ ಹೋಗಿ ಕರ್ಕೊಂಡು ಬಂದೆ. ಅದೇನು ಕೈಗೆ?"

"ಚಳಿ" ಎಂದ ಗಡಿಯಾರದಣ್ಣ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಹೆಂಡತಿ ಹತ್ತಿರ ಬಂದು ಒಂದು ಗವಸು ಹಿಡಿದು ಎಳೆದಳು. ಗವಸಿನ ಜೊತೆ ಗಂಡನೂ ಬಂದ. ನರ್ಸಮ್ಮ ಎದ್ದು ನೋಡಿ, ಎಳೀಬೇಡಿ, ಚರ್ಮ ಕಿತ್ತು ಬರುತ್ತೆ, ಎಣ್ಣೆ ತನ್ನಿ ಎಂದರು. ಹೆಂಡತಿ ಎಣ್ಣೆ ತಂದು ಗವಸಿನೊಳಗೆ ಹನಿಸುತ್ತ, "ಹೆಬ್ಬೆರಳಿನಷ್ಟು ಆಯ್ತು. ಇದು ಇವರ ರಾತ್ರಿ ಎಣ್ಣೆ ಲೆಕ್ಕಕ್ಕೆ" ಎಂದಳು. ತಿಕ್ಕಿ, ನಾದಿ, ಕೊನೆಗೆ ಗವಸು ಕಳಚಿದಾಗ ಒಳಗಿನಿಂದ ಆ ಪುಟ್ಟ ಕೈಗಳು ಮೈತುಂಬ ಹತ್ತಿ ಮೆತ್ತಿಕೊಂಡು ಆಗತಾನೇ ಮೊಟ್ಟೆಯೊಡೆದ ಕೋಳಿಮರಿಗಳಂತೆ ಹೊರಬಂದವು. ಸಲಿಕೆ ಕೂಡ ನಕ್ಕ.

ಆ ನಗು ಗಡಿಯಾರದಣ್ಣನ ಎದೆಗೆ ನಾಟಿತು. ಬೆಳಗಿನಿಂದ ತಡೆದುಕೊಂಡಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ನಗ್ರಿ, ಎಲ್ಲರೂ ನಗ್ರಿ. ಈ ಕೈ ನಾನು ಅಂಗಡಿಯಲ್ಲಿ ಆರಿಸಿ ತಂದಿದ್ದಲ್ಲ, ಹುಟ್ಟುವಾಗಲೇ ಬಂದಿದ್ದು. ಕೈ ಚಿಕ್ಕದಾದರೆ ಹೊಟ್ಟೆನೂ ಚಿಕ್ಕದಾಗುತ್ತಾ? ನರ್ಸಮ್ಮ, ನೀವೇ ನನ್ನ ನಿಲ್ಲಿಸಿ ನೋಡಿ. ಅಂಗೈ ಅಳತೆ ಊಟ ಹಾಕಿದರೆ ಅದು ನನ್ನ ಮಂಡಿವರೆಗೂ ಇಳಿಯಲ್ಲ."

ನರ್ಸಮ್ಮನಿಗೆ ಪಾಪ ಅನ್ನಿಸಿತು. "ನಿಮ್ಮ ಮಾತು ನಿಜ. ಅಂಗೈ ಅಳತೆ ಅನ್ನೋದು ಸಾಮಾನ್ಯವಾಗಿ ಎಲ್ಲರಿಗೂ ಹೊಂದುತ್ತೆ, ಯಾಕಂದರೆ ಮೈಗೆ ತಕ್ಕ ಕೈ ಇರುತ್ತೆ. ನಿಮ್ಮಂಥ ಕೈ ನಾನೂ ನೋಡಿರಲಿಲ್ಲ. ದುಬಾರಿ ಡಬ್ಬಿ ಪುಡಿ ಏನೂ ಬೇಡ. ಕಾಳು, ಮೊಟ್ಟೆ, ಹಾಲು, ಮೊಸರು, ಕಡಲೆಬೀಜ, ಇವುಗಳಲ್ಲೇ ಸ್ವಲ್ಪ ಹೆಚ್ಚು ಮಾಡಿದರಾಯ್ತು. ನಿಮಗೆ ಒಂದೂವರೆ ಅಂಗೈ ಅಂತ ಇಟ್ಕೊಳ್ಳೋಣ."

"ನರ್ಸಮ್ಮ, ನಾನು ಒಂದು ಮಾತು..." ಎಂದು ಹೆಂಡತಿ ಬಾಯಿ ತೆರೆದಳು.

"ನೀನು ಸುಮ್ಮನಿರು" ಎಂದ ಗಡಿಯಾರದಣ್ಣ. ಅವನ ಕಣ್ಣು ಹೆಂಡತಿಯ ಅಗಲವಾದ ಅಂಗೈ ಮೇಲೆ ಬಿದ್ದಿತ್ತು. ಒಂದೂವರೆ ಯಾತಕ್ಕೆ, ಆ ಒಂದು ಅಂಗೈ ತನ್ನ ಮೂರಕ್ಕೆ ಸಮ. ತಲೆಯಲ್ಲಿ ಲೆಕ್ಕ ಸರಸರ ಓಡಿತು. "ಒಂದೂವರೆ, ಎರಡು ಅಂತ ಚೌಕಾಸಿ ಬೇಡ. ಎಲ್ಲರಿಗೂ ಒಂದೇ ನ್ಯಾಯ ಇರಲಿ. ತಿನ್ನೋರ ಕೈ ಅಳೆಯೋದೇ ತಪ್ಪು. ಬಡಿಸೋರ ಕೈ ಅಳತೆ ಆಗಲಿ. ಬಡಿಸೋರ ಅಂಗೈ ಎಷ್ಟೋ, ಮನೆಯಲ್ಲಿ ಎಲ್ಲರಿಗೂ ಅಷ್ಟೇ."

"ರೀ, ಸ್ವಲ್ಪ ನನ್ನ ಮಾತು ಕೇಳಿ" ಎಂದಳು ಹೆಂಡತಿ.

"ಎಲ್ಲರ ಮುಂದೆ ತೀರ್ಮಾನ ಆಗಲಿ, ಆಮೇಲೆ ಹೇಳು. ಏನಂತೀರಿ ಅತ್ತೆ?"

ನ್ಯಾಯ ಹೇಳುವ ಅವಕಾಶ ಅತ್ತೆ ಬಿಟ್ಟಾಳೆಯೇ? "ಸರಿಯಾಗೇ ಇದೆ ಕಣಪ್ಪ. ಒಂದು ಮನೆಗೆ ಒಂದೇ ಅಳತೆ. ನಾಳೆ ನೀನು ಮಾತಿಗೆ ತಪ್ಪಬಾರದು, ಅಷ್ಟೇ."

"ಪ್ರಾಣ ಹೋದರೂ ತಪ್ಪಲ್ಲ" ಎಂದ ಗಡಿಯಾರದಣ್ಣ. ಬೆಳಗಿನಿಂದ ಮೊದಲ ಸಲ ಅವನ ಮುಖದಲ್ಲಿ ಕಳೆ ಬಂತು.

ನರ್ಸಮ್ಮನೂ ತಲೆಯಾಡಿಸಿದರು. ಆಮೇಲೆ ಅವರ ದೃಷ್ಟಿ ಗೋಡೆಗೆ ಒರಗಿ ಒಂದು ಕಾಲು ಬಿಟ್ಟು ಇನ್ನೊಂದರ ಮೇಲೆ ಭಾರ ಹಾಕುತ್ತ ನಿಂತಿದ್ದ ಹೆಂಡತಿಯ ಕಡೆ ಹೋಯಿತು.

"ನೀವು ದಿನವಿಡೀ ಎಲ್ಲಿ ಕೂತ್ಕೋತೀರಿ?" ಎಂದು ಗಡಿಯಾರದಣ್ಣನನ್ನು ಕೇಳಿದರು.

"ಅಂಗಡಿ ಸ್ಟೂಲ್ ಮೇಲೆ."

"ಎದ್ದು ಓಡಾಡೋದು?"

"ಗಡಿಯಾರ ರಿಪೇರಿಗೆ ಓಡಾಟ ಏನಿರುತ್ತೆ ನರ್ಸಮ್ಮ, ಕೂತಲ್ಲೇ ಕೆಲಸ."

"ಅದೇ ನೋಡಿ. ತಿಂದಿದ್ದು ಮೈಗೆ ಹತ್ತಬೇಕಾದರೆ ಮೈ ಅಲ್ಲಾಡಬೇಕು. ಈಕೆ ಬೆಳಗಿನ ಜಾವದಿಂದ ನಿಂತಿದಾರೆ, ಕಾಲು ಊದಿಕೊಂಡಿದೆ. ನೀವು ಬೆಳಗಿನಿಂದ ಕೂತಿದೀರಿ. ಇವತ್ತಿಂದ ನೀವು ಎದ್ದು ನಿಂತು ಬಡಿಸಿ, ಈಕೆ ಕೂತು ಊಟ ಮಾಡಲಿ. ಇದು ನನ್ನ ಔಷಧಿ ಅಂದ್ಕೊಳ್ಳಿ, ಇಬ್ಬರಿಗೂ ಒಳ್ಳೇದು."

"ಪಾತ್ರೆನೂ ತೊಳೀಲಿ, ಇನ್ನೂ ಒಳ್ಳೇದು" ಎಂದಳು ಅತ್ತೆ.

ಎಲ್ಲರೂ ಗಡಿಯಾರದಣ್ಣನ ಕೈಯನ್ನೇ ನೋಡಿದರು. ಅಲ್ಲಲ್ಲಿ ಇನ್ನೂ ಹತ್ತಿ ಅಂಟಿಕೊಂಡಿದ್ದ ಆ ಕೈಯನ್ನು ಅವನೂ ನೋಡಿಕೊಂಡ. ಮಾತು ಆಗಲೇ ಬಾಯಿಂದ ಜಾರಿಬಿಟ್ಟಿತ್ತು, ಅದೂ ಅತ್ತೆಯ ಎದುರಿಗೆ.

ಅಡುಗೆಮನೆಗೆ ಹೋದ ಅವನ ಹಿಂದೆಯೇ ಹೆಂಡತಿಯೂ ಬಂದಳು. ಸೌಟು ಅವನ ಕೈಗೆ ಕೊಡುತ್ತ ಮೆಲ್ಲಗೆ ಹೇಳಿದಳು:

"ಮಧ್ಯಾಹ್ನ ನೀವು ಒಂದೊಂದೇ ಕಾಳು ಎಣಿಸಿ ತಿನ್ನೋದು ನೋಡೋಕಾಗಲಿಲ್ಲ ಕಣ್ರೀ. ನಂದೇ ತಪ್ಪು ಅನ್ನಿಸ್ತು. ರಾತ್ರಿಯಿಂದ ನಿಮಗೆ ನನ್ನ ಕೈಯಲ್ಲೇ ಅಳೆದು ಹಾಕ್ತೀನಿ ಅಂತ ಎಲ್ಲರ ಮುಂದೆ ಹೇಳೋಣ ಅಂತಿದ್ದೆ. ಅದಕ್ಕೇ ದೊಡ್ಡ ಪಾತ್ರೆ ತುಂಬ ಕಾಳು ಬೇಯಿಸಿದ್ದು. ಬಾಯಿ ತೆಗೆಯೋಕೆ ಬಿಟ್ರಾ ನೀವು?"

ಗಡಿಯಾರದಣ್ಣ ಪಾತ್ರೆಯೊಳಗೆ ನೋಡಿದ. ಕಾಳು ಅಂಚಿನವರೆಗೂ ತುಂಬಿ ಹೊಳೆಯುತ್ತಿತ್ತು. "ಈಗ ಹೇಳಬಾರದಾ?" ಎಂದು ಪಿಸುಗುಟ್ಟಿದ.

"ಪ್ರಾಣ ಹೋದರೂ ಮಾತು ತಪ್ಪಲ್ಲ ಅಂದವರು ನೀವು. ಅತ್ತೆ ನಾಳೆ ಬೀದಿಗೆಲ್ಲ ಸಾರಿಬಿಡ್ತಾಳೆ."

ಅವನು ಬಡಿಸಿದ. ತನ್ನ ಅಂಗೈ ಅಳೆದು ನರ್ಸಮ್ಮನಿಗೆ, ಅಂಗೈ ಅಳೆದು ಅತ್ತೆಗೆ, ಅಂಗೈ ಅಳೆದು ಹೆಂಡತಿಗೆ. ಸಲಿಕೆ ತನ್ನ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಣ್ಣ, ಇದು ಉಪ್ಪು ನೋಡೋಕಾ, ಊಟಕ್ಕಾ?" ಎಂದು ಕೇಳಿದ. ನರ್ಸಮ್ಮ ತಮಗೆ ರಾತ್ರಿ ಇಷ್ಟು ಸಾಕು ಅಂದರು. ಅತ್ತೆ ತನ್ನ ಮನೆಯಲ್ಲಿ ಅಡುಗೆ ಆಗಿದೆ ಅಂದಳು, ಸಲಿಕೆ ಮಾರುಕಟ್ಟೆಯಲ್ಲಿ ಏನಾದರೂ ತಿಂದುಕೊಳ್ಳುತ್ತೇನೆ ಅಂದ. ಹೆಂಡತಿಗೆ ಬೇಕರಿಯಿಂದ ತಂದ ಬನ್ನು ಇತ್ತು.

ಕೊನೆಗೆ ತನ್ನ ತಟ್ಟೆಯ ಮುಂದೆ ನಿಂತು ಗಡಿಯಾರದಣ್ಣ ಅಂಗೈ ಚಾಚಿ ಕಾಳು ಅಳೆದುಕೊಂಡ. ಒಂದು ಕಾಳು ಹೆಚ್ಚಾಗಿ ಅಂಗೈಯ ಅಂಚಿಗೆ ಉರುಳಿ, ಬೀಳಲೋ ಬೇಡವೋ ಎಂದು ನಿಂತಿತು. ಅವನು ಅತ್ತ ಇತ್ತ ನೋಡಿ ಅದನ್ನು ತಟ್ಟೆಯ ಕಡೆಗೆ ತಳ್ಳುವುದರಲ್ಲಿದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಅತ್ತೆ ತಿರುಗಿ ನೋಡಿ ಕೆಮ್ಮಿದಳು. ಅವನು ಕಾಳನ್ನು ಎತ್ತಿ ಮತ್ತೆ ಪಾತ್ರೆಗೆ ಹಾಕಿದ.